ಒಬ್ಬನಿಂದ ಟೀಮ್ ಆಗಂಗಿಲ್ಲ

2022ರ ಆಗಸ್ಟ್ 5ರ ರಾತ್ರಿ. ಊರಲ್ಲಿ ಮನೆಯ ಕಟ್ಟೆ ಮೇಲೆ ಕೂತು ಬೆಳೆ ವಿಮೆಯ ಸುದ್ದಿಯೊಂದನ್ನು ಮೊಬೈಲಿನಲ್ಲೇ ಟೈಪ್ ಮಾಡುತ್ತಿದ್ದೆ. ಅಷ್ಟರಲ್ಲಿ ನಮ್ಮ ಹುಡುಗರ ವಾಟ್ಸ್‌ಆ್ಯಪ್ ಗುಂಪಿನಿಂದ ಒಂದರ ಹಿಂದೆ ಒಂದು ಮೆಸೇಜ್ ಬರತೊಡಗಿದವು. ಮುಂಬೈಯಲ್ಲಿ ಪ್ರೊ ಕಬಡ್ಡಿ ಹರಾಜು ನಡೆದಿತ್ತು. ಬೆಂಗಳೂರು ಬುಲ್ಸ್‌ನ ಪವನ್ ಸೆಹ್ರಾವತ್ ಅವರನ್ನು ತಮಿಳ್ ತಲೈವಾಸ್ 2.26 ಕೋಟಿ ರೂಪಾಯಿಗೆ ಕೊಂಡಿತ್ತು. ಅಲ್ಲಿಯವರೆಗೆ ಆ ಲೀಗಿನಲ್ಲಿ ಯಾರಿಗೂ ಅಷ್ಟು ಬೆಲೆ ಬಂದಿರಲಿಲ್ಲ.

ಗುಂಪಿನಲ್ಲಿ ಬೈಗುಳದ ಮಳೆ. ‘ರೊಕ್ಕದ ಹಿಂದ ಹೋದ’, ‘ಅದೂ ತಮಿಳಿನವರ ಕಡೆ ಹೋದ’ ಅಂತ ಒಬ್ಬೊಬ್ಬರದು ಒಂದೊಂದು ಮಾತು. ಎಲ್ಲ ಮುಗಿದ ಮೇಲೆ ನಮ್ಮ ಕಾಕಾನ ಮಗ ಒಂದೇ ಒಂದು ಸಾಲು ಹಾಕಿದ.

“ಅಂವ ಹೋಗಿಲ್ರೋ, ಇವ್ರ ಬಿಟ್ಟಾರ.”

ಆಮೇಲೆ ಯಾರೂ ಏನೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ನನಗೆ ಬರೆಯುವ ಮುಖ ಇರಲಿಲ್ಲ ಅನ್ನುವುದೇ ಸರಿ. ಯಾಕೆ ಅನ್ನುವುದನ್ನು ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಈಗ ಹೇಳುತ್ತೇನೆ.

ಸಾರವಾಡ ಅಂದರೆ ಹೊರಗಿನವರಿಗೆ ಗೊಂಬೆ ಕುಣಿತ ನೆನಪಾಗುತ್ತದೆ. ಮಳೆಗಾಲದಲ್ಲಿ ಪೇಪರ್ ಓದುವವರಿಗೆ ಡೋಣಿ ಹೊಳೆ ನೆನಪಾಗುತ್ತದೆ. ನಮ್ಮ ವಾರಿಗೆಯವರಿಗೆ ಮಾತ್ರ ಊರೆಂದರೆ ಕಬಡ್ಡಿ. ನಮ್ಮದು ಎರಿ ಮಣ್ಣಿನ ಸೀಮೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಚಪ್ಪಲಿ ಬಿಡುವುದಿಲ್ಲ. ಅದರ ಮೇಲೆ ಆಡಲಾಗದು. ಅದಕ್ಕೆ ಟ್ರ್ಯಾಕ್ಟರಿನಲ್ಲಿ ಮಸಾರಿ ಮಣ್ಣು ತರಿಸಿ, ಜರಡಿ ಹಿಡಿದು, ನೀರು ಹೊಡೆದು, ಸುಣ್ಣದಿಂದ ಗೆರೆ ಹಾಕಿ ಅಂಕಣ ಮಾಡುತ್ತಿದ್ದೆವು. ಜಾತ್ರೆಗಳ ಕಾಲದಲ್ಲಿ ಸುತ್ತಲಿನ ಊರುಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿ. ಎಂಟ್ರಿ ಫೀ 501, ಮೊದಲ ಬಹುಮಾನ ಹತ್ತೋ ಹದಿನೈದೋ ಸಾವಿರ, ಜತೆಗೊಂದು ಆಳೆತ್ತರದ ಕಪ್ಪು.

ನಮ್ಮ ಟೀಮಿನ ರೇಡರ್ ಆ ಕಾಕಾನ ಮಗ. ನನಗಿಂತ ಐದು ವರ್ಷ ಚಿಕ್ಕವನು. ನಾನು ಎಡ ಕಾರ್ನರಿನ ಕ್ಯಾಚರ್. ಡಿಪ್ಲೊಮಾ ಮುಗಿಸಿ ಪೇಪರಿಗೆ ಬರೆಯುತ್ತಿದ್ದೆನಾದ್ದರಿಂದ ಲೆಕ್ಕದ ಪುಸ್ತಕವೂ ನನ್ನದೇ. ಕಬಡ್ಡಿ ಆಡಿದವರಿಗೆ ಗೊತ್ತು, ರೇಡರ್ ಅಂದರೆ ಎದುರಿನ ಏಳು ಜನರ ನಡುವೆ ಒಬ್ಬನೇ ಹೋಗುವವನು. ಕೈಯಲ್ಲಿರುವುದು 30 ಸೆಕೆಂಡು, ಒಂದು ಉಸಿರು. ಮುಟ್ಟಿ ನಡುಗೆರೆಗೆ ವಾಪಸ್ ಬಂದರೆ ಊರೇ ಹೆಗಲ ಮೇಲೆ ಹೊರುತ್ತದೆ. ಬರದಿದ್ದರೆ ಏಳು ಜನರ ಭಾರ ಅವನೊಬ್ಬನ ಮೇಲೆ ಬಿದ್ದಿರುತ್ತದೆ.

2015ರಲ್ಲಿ ಹಾಗೇ ಬಿತ್ತು. ಎಡ ಮೊಣಕಾಲು ತಿರುಗಿತು. ಆ ದಿನ ನಾವೇ ಗೆದ್ದೆವು, ಗೆಲ್ಲಿಸಿದವನೂ ಅವನೇ. ಬಹುಮಾನದ ದುಡ್ಡಲ್ಲಿ ಹೊಸ ಜೆರ್ಸಿ ಹೊಲಿಸಿದೆವು, ಬಸ್‌ಸ್ಟ್ಯಾಂಡಿನಲ್ಲಿ ಬ್ಯಾನರ್ ಹಾಕಿಸಿದೆವು. ಬ್ಯಾನರಿನಲ್ಲಿ ಅವನದೇ ಫೋಟೊ ದೊಡ್ಡದು. ವಿಜಯಪುರಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದ ಖರ್ಚು ಮಾತ್ರ ನಮ್ಮ ಕಾಕಾನೇ ಕೊಟ್ಟ, ಆಡು ಮಾರಿ. ಲೆಕ್ಕದ ಪುಸ್ತಕದಲ್ಲಿ ಜೆರ್ಸಿ ಇದೆ, ಬ್ಯಾನರ್ ಇದೆ. ಮೊಣಕಾಲು ಇಲ್ಲ. ಬರೆದವನು ನಾನು.

ಮರುವರ್ಷ ಹೊಳೆಯ ಆಚೆಗಿನ ಒಂದು ಊರಿನವರು ಅವನನ್ನು ಕೇಳಿದರು. ನಮಗೂ ಅವರಿಗೂ ಆಟದಲ್ಲಿ ಹಾವು ಮುಂಗುಸಿ. ಪಂದ್ಯಾವಳಿಗೆ ಮೂರು ಸಾವಿರ, ಬಸ್ ಚಾರ್ಜು, ಪೆಟ್ಟಾದರೆ ಔಷಧದ ಖರ್ಚು. ಅವನು ನೇರವಾಗಿ ಹೋಗಲಿಲ್ಲ. ಮೊದಲು ನಮ್ಮ ಕಟ್ಟೆಗೆ ಬಂದ.

“ಅಣ್ಣಾ, ನೀವು ಎರಡ ಸಾವಿರ ಕೊಡ್ರಿ ಸಾಕು, ನಾ ಇಲ್ಲೇ ಆಡ್ತೀನಿ.”

ಅವನು ಎದ್ದು ಹೋದ ಮೇಲೆ ನಾವು ಕೂತು ಮಾತಾಡಿದೆವು. ಒಬ್ಬನಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಅಂದರು. ಊರ ಸಲುವಾಗಿ ಆಡುವುದಕ್ಕೆ ರೊಕ್ಕ ಕೇಳುತ್ತಾನಲ್ಲ ಅಂದರು. ಕೊನೆಗೆ ಲೆಕ್ಕ ಇಡುವವನು ಅಂತ ನನ್ನ ಮುಖ ನೋಡಿದರು.

“ಹೋಗಾಂವ ಹೋಗ್ಲಿ ಬಿಡ್ರಿ. ಒಬ್ಬನಿಂದ ಟೀಮ್ ಆಗಂಗಿಲ್ಲ.” ಹಾಗಂದವನು ನಾನೇ.

ಆ ಹಂಗಾಮಿನಲ್ಲೇ ಒಂದು ಫೈನಲ್‌ನಲ್ಲಿ ಅವರೂ ನಾವೂ ಎದುರಾದೆವು. ಕೊನೆಯ ಎರಡು ನಿಮಿಷ, ಒಂದು ಅಂಕದ ಅಂತರ. ಅವನು ರೇಡಿಗೆ ಬಂದ. ಹೊರಗಿನಿಂದ ನಮ್ಮವರದು ಒಂದೇ ಕೂಗು, “ಎಡಗಾಲ ಹಿಡೀಲೇ, ಎಡಗಾಲ!” ಆ ಕಾಲಿನ ಸಂಗತಿ ಎದುರಿನ ಟೀಮಿಗೂ ಅಷ್ಟು ಗೊತ್ತಿರಲಿಕ್ಕಿಲ್ಲ, ನಮಗೆ ಗೊತ್ತಿತ್ತು. ಅವನು ಬೋನಸ್‌ಗೆ ಕಾಲು ಚಾಚಿದ. ನಾನು ಹಿಡಿದೆ. ಹಿಡಿದದ್ದು ನಿಯಮದ ಪ್ರಕಾರವೇ, ಅಂಪೈರ್ ಸೀಟಿ ಊದಿದ್ದೂ ಸರಿಯೇ. ಆದರೆ ಹಿಡಿದ ಮೇಲೆ ಎಷ್ಟು ಎಳೆಯಬೇಕು ಅನ್ನುವುದು ನಿಯಮದಲ್ಲಿ ಇರುವುದಿಲ್ಲ. ಅವನು ಬಿದ್ದಾಗ ಬಂದ ಸದ್ದು ಜನರೇಟರಿನ ಗದ್ದಲದಲ್ಲೂ ನನಗೆ ಕೇಳಿಸಿತು.

ನಾವು ಗೆದ್ದೆವು. ಮರುದಿನ ಪೇಪರಿನಲ್ಲಿ ‘ಸಾರವಾಡ ತಂಡಕ್ಕೆ ಪ್ರಥಮ ಸ್ಥಾನ’ ಅಂತ ಐದು ಸಾಲಿನ ಸುದ್ದಿ ಬಂತು. ಬರೆದವನೂ ನಾನೇ. ಅದರಲ್ಲೂ ಮೊಣಕಾಲು ಇರಲಿಲ್ಲ.

ಅವನು ಮತ್ತೆ ಯಾವ ಟೀಮಿಗೂ ಆಡಲಿಲ್ಲ.

ಈಗ ಪವನ್ ಅವರ ಸಂಗತಿಗೆ ಬರುತ್ತೇನೆ. ನಮ್ಮ ಹುಡುಗರು ಅವರಿಗೆ ಯಾಕೆ ಅಷ್ಟು ಹಚ್ಚಿಕೊಂಡಿದ್ದರು ಅನ್ನುವುದು ಗೊತ್ತಾಗಬೇಕು. ದಿಲ್ಲಿಯ ಹುಡುಗ. 2016ರ ಮೂರನೇ ಸೀಸನ್‌ನಲ್ಲಿ ಬುಲ್ಸ್‌ನಿಂದಲೇ ಲೀಗಿಗೆ ಬಂದದ್ದು. 2017ರಲ್ಲಿ ಗುಜರಾತ್ ತಂಡಕ್ಕೆ ಹೋದರು. ಅಲ್ಲಿ ಹೇಳಿಕೊಳ್ಳುವಷ್ಟು ಆಡಲು ಸಿಗಲಿಲ್ಲ. ಆರನೇ ಸೀಸನ್‌ಗೆ ಬುಲ್ಸ್ ವಾಪಸ್ ಕರೆಸಿತು. 2019ರ ಜನವರಿ 5ರಂದು ಮುಂಬೈಯಲ್ಲಿ ಫೈನಲ್, ಎದುರಿಗೆ ಅದೇ ಗುಜರಾತ್. ಬುಲ್ಸ್ 38–33ರಿಂದ ಗೆದ್ದಿತು. ಆ 38ರಲ್ಲಿ 22 ಅಂಕ ಪವನ್ ಒಬ್ಬರದೇ. ಬೆಂಗಳೂರಿಗೆ ಬಂದ ಮೊದಲ ಪ್ರೊ ಕಬಡ್ಡಿ ಕಪ್ಪು ಅದು. ಅದೇ ವರ್ಷ ಅಕ್ಟೋಬರ್ 2ರಂದು ಹರಿಯಾಣ ಸ್ಟೀಲರ್ಸ್ ಮೇಲೆ ಒಂದೇ ಪಂದ್ಯದಲ್ಲಿ 39 ರೇಡ್ ಅಂಕ ತಂದರು. ಆ ರಾತ್ರಿ ನಮ್ಮೂರಲ್ಲಿ ಪಟಾಕಿ ಹೊಡೆದದ್ದು ನನಗೆ ನೆನಪಿದೆ. ಎಂಟನೇ ಸೀಸನ್‌ನಲ್ಲೂ 304 ರೇಡ್ ಅಂಕ, ಲೀಗಿಗೇ ಮೊದಲು. ಇಷ್ಟಾದ ಮೇಲೆ ಬುಲ್ಸ್ ಉಳಿಸಿಕೊಂಡವರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

ತಂಡದವರ ಲೆಕ್ಕವೂ ಸುಳ್ಳಲ್ಲ. ಆ ವರ್ಷ ಒಂದು ತಂಡ ಆಟಗಾರರ ಮೇಲೆ ಖರ್ಚು ಮಾಡಬಹುದಾದದ್ದು ಒಟ್ಟು 4.4 ಕೋಟಿ. ಒಬ್ಬ ರೇಡರ್‌ಗೇ 2.26 ಕೋಟಿ ಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಉಳಿದವರೆಲ್ಲರನ್ನೂ ಮಿಕ್ಕಿದ್ದರಲ್ಲಿ ತುಂಬಿಸಬೇಕು. ನಮ್ಮ ಕಟ್ಟೆಯಲ್ಲಿ ಎರಡು ಸಾವಿರಕ್ಕೆ ನಡೆದ ಲೆಕ್ಕ ಇಲ್ಲಿ ಕೋಟಿಯಲ್ಲಿ ನಡೆಯುತ್ತದೆ, ಅಷ್ಟೇ.

ಮುಂದೆ ಆದದ್ದು ಇನ್ನೂ ವಿಚಿತ್ರ. 2022ರ ಅಕ್ಟೋಬರ್‌ನಲ್ಲಿ ಒಂಬತ್ತನೇ ಸೀಸನ್ ಶುರುವಾದದ್ದು ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ. ತಲೈವಾಸ್ ಜೆರ್ಸಿ ಹಾಕಿಕೊಂಡು ಪವನ್ ಮೊದಲ ಪಂದ್ಯ ಆಡಿದ್ದು ಅದೇ ಅಂಗಳದಲ್ಲಿ, ಅಕ್ಟೋಬರ್ 8ರಂದು, ಗುಜರಾತ್ ಮೇಲೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಎದುರಾಳಿಯನ್ನು ಹಿಡಿಯಲು ಹೋಗಿ ಅವರ ಮೊಣಕಾಲಿಗೆ ಪೆಟ್ಟಾಯಿತು. ಹೊರಗೆ ಎತ್ತಿಕೊಂಡು ಹೋದರು. ಆ ಸೀಸನ್ ಅಲ್ಲಿಗೇ ಮುಗಿಯಿತು.

ನಾನು ಅದನ್ನು ನಮ್ಮ ಕಾಕಾನ ಮಗನ ಮೊಬೈಲಿನಲ್ಲೇ ನೋಡಿದೆ, ಅವನ ಪಕ್ಕದಲ್ಲೇ ಕೂತು. ಸ್ಟ್ರೆಚರ್ ಬರುತ್ತಿದ್ದಂತೆ ಅವನು ಫೋನು ಬೋರಲು ಹಾಕಿ ಎದ್ದು ಹೋದ. ಕುಂಟುವುದು ಹೆಚ್ಚೇನಿಲ್ಲ, ಆದರೆ ಏಳುವಾಗ ಇವತ್ತಿಗೂ ಎಡ ತೊಡೆಗೆ ಕೈ ಊರುತ್ತಾನೆ.

ಆ ವರ್ಷ ‘ಒಬ್ಬನಿಂದ ಟೀಮ್ ಆಗಂಗಿಲ್ಲ’ ಅನ್ನುವ ನನ್ನ ಮಾತೇ ಎರಡೂ ಕಡೆ ನಿಜವಾಯಿತು. ಬುಲ್ಸ್‌ನಲ್ಲಿ ಭರತ್ ಎಂಬ ಹುಡುಗ 279 ರೇಡ್ ಅಂಕ ತಂದ, ತಂಡ ಸೆಮಿಫೈನಲ್‌ವರೆಗೂ ಹೋಯಿತು. ಪವನ್ ಇಲ್ಲದ ತಲೈವಾಸ್‌ಗೆ ನರೇಂದರ್ ಎಂಬ ಹೊಸ ಹುಡುಗ 243 ಅಂಕ ತಂದುಕೊಟ್ಟ, ಆ ತಂಡವೂ ಮೊದಲ ಬಾರಿ ಸೆಮಿಫೈನಲ್ ನೋಡಿತು. ಬಿಟ್ಟವರೂ ಮುಳುಗಲಿಲ್ಲ, ಕೊಂಡವರೂ ಮುಳುಗಲಿಲ್ಲ. ಮರುವರ್ಷ ತೆಲುಗು ಟೈಟನ್ಸ್ ಪವನ್ ಅವರಿಗೆ 2.605 ಕೋಟಿ ಕೊಟ್ಟು ಕೊಂಡಿತು, ಕೊನೆಯ ಸ್ಥಾನದಲ್ಲಿ ಉಳಿಯಿತು. ಅದೇ ಪವನ್ 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಾಯಕರಾಗಿ ಭಾರತಕ್ಕೆ ಚಿನ್ನ ತಂದರು.

ಬುಲ್ಸ್ ಹೀಗೆ ಒಬ್ಬರನ್ನು ಬಿಟ್ಟದ್ದು ಅದೇ ಮೊದಲಲ್ಲ. ಪರ್ದೀಪ್ ನರ್ವಾಲ್ ಲೀಗಿಗೆ ಬಂದದ್ದೂ ಬುಲ್ಸ್‌ನಿಂದಲೇ, 2015ರಲ್ಲಿ. ಮರುವರ್ಷ ಪಟ್ನಾ ಪೈರೇಟ್ಸ್‌ಗೆ ಹೋಗಿ ಆ ತಂಡಕ್ಕೆ ಸಾಲಾಗಿ ಮೂರು ಕಪ್ಪು ಗೆದ್ದುಕೊಟ್ಟರು. ಕೊನೆಗೆ 2024ರ ಹರಾಜಿನಲ್ಲಿ ಬುಲ್ಸ್ 70 ಲಕ್ಷ ಕೊಟ್ಟು ಅವರನ್ನು ವಾಪಸ್ ತಂದಿತು. ಅಷ್ಟೊತ್ತಿಗೆ ಕಾಲಿನ ಕಸುವು ಮೊದಲಿನ ಹಾಗಿರಲಿಲ್ಲ. ಆ ಸೀಸನ್ ಬುಲ್ಸ್ ಹನ್ನೆರಡನೇ ಸ್ಥಾನ. ಇರುವುದೇ ಹನ್ನೆರಡು ತಂಡ.

ಹಾಗಾದರೆ ಬಿಡುವುದು ತಪ್ಪೋ ಸರಿಯೋ? ಅಂಕಿ ನೋಡಿದರೆ ಒಂದು ವರ್ಷ ಸರಿ, ಒಂದು ವರ್ಷ ತಪ್ಪು. ಅದರಿಂದ ನನಗೆ ಉತ್ತರ ಸಿಗಲಿಲ್ಲ. ಸಿಕ್ಕದ್ದು ಬೇರೆ ಕಡೆ.

2023ರಲ್ಲಿ ನಾನು ಬರೆಯುತ್ತಿದ್ದ ಪೇಪರಿನವರನ್ನು ಪೆಟ್ರೋಲ್ ಖರ್ಚು ಕೇಳಿದೆ. ಒಂಬತ್ತು ವರ್ಷ ಬರೆದಿದ್ದೆ. ಸುದ್ದಿಗೆ ಇಷ್ಟು ಅಂತ ಲೆಕ್ಕ, ಫೋಟೊ ಬಂದರೆ ಇನ್ನೊಂದಿಷ್ಟು. ತಿಕೋಟಾಕ್ಕೆ ಹೋಗಿ ಬಂದರೆ ಸುದ್ದಿಯ ದುಡ್ಡಿಗಿಂತ ಬೈಕು ಕುಡಿದದ್ದೇ ಹೆಚ್ಚು. ಆ ಕಡೆಯಿಂದ ಫೋನಿನಲ್ಲಿ ಬಂದ ಉತ್ತರ ಚಿಕ್ಕದಿತ್ತು. “ನೋಡಿ, ಒಬ್ಬರಿಂದ ಪೇಪರ್ ನಡೆಯೋದಿಲ್ಲ. ನಿಮಗೆ ಬೇರೆ ಕಡೆ ಅನುಕೂಲ ಇದ್ದರೆ ನೋಡಿಕೊಳ್ಳಿ.”

ಫೋನು ಇಟ್ಟ ಮೇಲೆ ಸ್ವಲ್ಪ ಹೊತ್ತು ಬೈಕಿನ ಮೇಲೆ ಹಾಗೇ ಕೂತಿದ್ದೆ. ಮಾತು ನಿಜ. ಒಬ್ಬನಿಂದ ಪೇಪರ್ ನಡೆಯುವುದಿಲ್ಲ, ಒಬ್ಬನಿಂದ ಟೀಮೂ ಆಗುವುದಿಲ್ಲ. ಆದರೆ ಗೆದ್ದ ದಿನ ಈ ಮಾತನ್ನು ಯಾರೂ ಆಡುವುದಿಲ್ಲ. ಬ್ಯಾನರ್ ಹಾಕುವಾಗ ಫೋಟೊ ಒಬ್ಬನದೇ ದೊಡ್ಡದಿರುತ್ತದೆ. ಕೊಡುವ ದಿನ ಬಂದಾಗ ಮಾತ್ರ ಟೀಮ್ ನೆನಪಾಗುತ್ತದೆ. ತಿಂಗಳೊಪ್ಪತ್ತಿನಲ್ಲಿ ನಾನು ಎದುರಿನ ಪೇಪರಿಗೆ ಸೇರಿದೆ. ‘ಅಂವ ರೊಕ್ಕಕ್ಕ ಹೋದ’ ಅಂತ ನನ್ನ ಬಗ್ಗೆಯೂ ಮಾತು ಬಂತು.

ಆ ರಾತ್ರಿಯೇ ಕಾಕಾನ ಮನೆಗೆ ಹೋಗಿದ್ದೆ. ಫೈನಲ್‌ನಲ್ಲಿ ಎಡಗಾಲು ಎಂದು ಗೊತ್ತಿದ್ದೇ ಎಳೆದೆ ಅಂತ ಅವನಿಗೆ ಹೇಳಿದೆ. ಏಳು ವರ್ಷ ಹೇಳದ ಮಾತು.

“ಗೊತ್ತೈತಿ ಅಣ್ಣಾ,” ಅಂದ. “ಬೀಳಾಂವ್ಗ ಗೊತ್ತಾಗ್ತೈತಿ, ಯಾವ ಕೈ ಎಷ್ಟ ಎಳೀತು ಅಂತ.” ಆಮೇಲೆ, “ಅದಕ್ಕಿಂತ ಎರಡ ಸಾವಿರ ಕೊಡಂಗಿಲ್ಲ ಅಂದಿದ್ದ ಹೆಚ್ಚ ಹತ್ತಿತ್ತು. ಮುಖದ ಮ್ಯಾಲ ಅಂದಿದ್ರ ಕೂಡೇ ಜಗಳಾಡಿ ಇಲ್ಲೇ ಇರ್ತಿದ್ನೇನೊ,” ಅಂದ. ಕಾಕಿ ಚಹಾ ತಂದಿಟ್ಟಳು. ಕುಡಿದು ಬಂದೆ.

ಪವನ್ ಅವರಿಗೂ ನಮ್ಮವನಿಗೂ ಹೋಲಿಕೆ ಮಾಡುವುದು ತಪ್ಪು ಅಂತ ನೀವು ಅನ್ನಬಹುದು. ಹೌದು, ದೊಡ್ಡ ವ್ಯತ್ಯಾಸ ಇದೆ. ಮೊಣಕಾಲಿನ ಪೆಟ್ಟಿಗೆ ಇಡೀ ಸೀಸನ್ ಹೊರಗಿದ್ದವರಿಗೆ ಮರುವರ್ಷ ಇನ್ನೂ ಹೆಚ್ಚಿನ ಬೆಲೆ ಬಂತು. ನಮ್ಮವನ ಮೊಣಕಾಲಿಗೆ ಯಾರೂ ಕೂಗಲಿಲ್ಲ. ಕೋಟಿಯ ಆಟದಲ್ಲಿ ಆಟಗಾರ ಊರು ಬಿಟ್ಟರೆ ಅದು ವ್ಯವಹಾರ ಅನ್ನುತ್ತೇವೆ, ಮೂರು ಸಾವಿರಕ್ಕೆ ಹೊಳೆ ದಾಟಿದರೆ ದ್ರೋಹ ಅನ್ನುತ್ತೇವೆ. ಕಡಿಮೆ ಸಿಗುವವನಿಂದಲೇ ಹೆಚ್ಚು ನಿಷ್ಠೆ ಕೇಳುತ್ತೇವೆ.

ಕಳೆದ ವರ್ಷದಿಂದ ಅವನು ಸಂಜೆ ಹೊತ್ತು ಶಾಲೆ ಹುಡುಗರಿಗೆ ಕಬಡ್ಡಿ ಕಲಿಸುತ್ತಿದ್ದಾನೆ. ಮಸಾರಿ ಮಣ್ಣಿಗೆ ಈ ಸಲ ನಾನೇ ಟ್ರ್ಯಾಕ್ಟರ್ ಹೇಳಿದೆ. ಲೆಕ್ಕದ ಪುಸ್ತಕ ಮತ್ತೆ ನನ್ನ ಕೈಗೆ ಬಂದಿದೆ, ಅವನೇ ಕೊಟ್ಟದ್ದು. ಆದರೆ ಒಂದು ಕರಾರು ಹಾಕಿದ್ದಾನೆ. ಬಹುಮಾನ ಬಂದರೆ ಮೊದಲ ಸಾಲಿನಲ್ಲಿ ನಾಲ್ಕನೇ ಒಂದು ಪಾಲು ‘ಔಷಧ’ ಅಂತ ಬರೆದು ತೆಗೆದಿಡಬೇಕು. ಜೆರ್ಸಿ, ಕಪ್ಪು, ಬ್ಯಾನರ್ ಎಲ್ಲ ಅದರ ಕೆಳಗೆ. ಬೇರೆ ಊರಿನವರು ಯಾವ ಹುಡುಗನನ್ನಾದರೂ ಕರೆದರೆ ಕಟ್ಟೆಗೆ ಅವನನ್ನೂ ಕೂಡಿಸಿಕೊಂಡೇ ಮಾತಾಡಬೇಕು. ಹೋಗುತ್ತಾನೆಂದರೆ ಕೈ ಕುಲುಕಿ ಕಳಿಸಬೇಕು.

ಹೋದ ತಿಂಗಳು ಒಂದು ಹುಡುಗನ ಹೆಬ್ಬೆರಳು ಉಳುಕಿತು. ಪಟ್ಟಿ, ಮುಲಾಮು, ಬಸ್ ಚಾರ್ಜು ಸೇರಿ 340 ರೂಪಾಯಿ. ಬರೆದಿದ್ದೇನೆ.