ಟಿಕ್ ಎನ್ನುವ ತನಕ

ಚಪ್ಪಲಿ ಹೊರಗೆ ಬಿಟ್ಟು ಬನ್ನಿ. ಇದು ಹುಬ್ಬಳ್ಳಿಯ ಒಂದು ನರ್ಸಿಂಗ್ ಕಾಲೇಜಿನ ಸ್ಕಿಲ್ ಲ್ಯಾಬ್. ನೆಲದ ಮೇಲೆ ರಬ್ಬರಿನ ಗೊಂಬೆ ಮಲಗಿದೆ, ಸೊಂಟದ ಕೆಳಗೆ ಏನೂ ಇಲ್ಲ. ಮೂರನೆಯ ವರ್ಷದ ಹುಡುಗಿ ಪಕ್ಕದಲ್ಲಿ ಮಂಡಿಯೂರಿ, ಅದರ ಎರಡೂ ಭುಜ ತಟ್ಟಿ ಕೂಗುತ್ತಾಳೆ: “ಅಣ್ಣಾರ, ಕೇಳಸ್ತದೇನ್ರಿ?”

ಉತ್ತರವಿಲ್ಲ.

“108ಕ್ಕ ಫೋನ್ ಹಚ್ರಿ! ಎಇಡಿ ತರ್ರಿ!” ಎಇಡಿ ಎಂದರೆ ಹೃದಯಕ್ಕೆ ಶಾಕ್ ಕೊಡುವ ಯಂತ್ರ.

ಬೆರಳು ಕೊರಳಿನ ಪಕ್ಕಕ್ಕೆ ಹೋಗುತ್ತದೆ. ನಾಡಿ ಹುಡುಕಲು ಇರುವುದು ಹತ್ತೇ ಸೆಕೆಂಡು. ಅಷ್ಟರಲ್ಲೇ ಕಣ್ಣು ಎದೆಯ ಏರಿಳಿತವನ್ನೂ ನೋಡಬೇಕು. ಅವಳು ಇನ್ನೂ ಹುಡುಕುತ್ತಿದ್ದಾಳೆ. ಮೇಡಂ ಕೈಗಡಿಯಾರದ ಮೇಲೆ ಬೆರಳು ಬಡಿಯುತ್ತಾರೆ. ಹೃದಯ ನಿಂತವರ ಎದೆ ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ.

ಅಂಗೈಯ ಬುಡ ಎದೆಮೂಳೆಯ ಕೆಳ ಅರ್ಧಕ್ಕೆ, ಅದರ ಮೇಲೆ ಇನ್ನೊಂದು ಕೈ. ಬೆಳಿಗ್ಗೆಯ ಲಿಖಿತ ಪರೀಕ್ಷೆಯಲ್ಲಿ ಇವಳು ಒಂದೂ ತಪ್ಪು ಮಾಡಿಲ್ಲ: ಆಳ 5 ಸೆಂ.ಮೀ.ಗೆ ಕಡಿಮೆ ಇರಬಾರದು, 6 ದಾಟಬಾರದು. ನಿಮಿಷಕ್ಕೆ 100ರಿಂದ 120. ಪ್ರತಿ 30 ಒತ್ತಿಗೆ 2 ಉಸಿರು. ಸಾಕಷ್ಟು ಆಳಕ್ಕೆ ಹೋದರೆ ಗೊಂಬೆಯೊಳಗಿನಿಂದ ಟಿಕ್ ಎಂದು ಕೇಳಬೇಕು. ಕೇಳುತ್ತಿಲ್ಲ.

“ಮೊಣಕೈ ಮಣಸಬ್ಯಾಡವ್ವಾ. ಭುಜ ಮುಂದ ತಾ, ಮೈಭಾರ ಹಾಕು.”

“ಎಲುಬು ಮುರದರ ಏನ್ಮಾಡ್ಲಿ ಮೇಡಂ?”

“ಮುರದ ಎಲುಬು ಕೂಡತದ. ನಿಂತ ಹೃದಯ ತಾನಾಗೇ ಶುರು ಆಗಂಗಿಲ್ಲ.”

ಆ ಪ್ರಶ್ನೆಯನ್ನು ಹಗುರವಾಗಿ ಕಾಣಬೇಡಿ. ರೋಗಿಯನ್ನು ಮೆತ್ತಗೆ ಮುಟ್ಟು, ನೋಯಿಸದೆ ಹೊರಳಿಸು ಎಂದು ಮೊದಲ ವರ್ಷದಿಂದ ಕಲಿತ ಕೈಗಳಿವು. ಒಬ್ಬರ ಎದೆಯ ಮೇಲೆ ಇಡೀ ಮೈಯ ಭಾರ ಹಾಕಲು ಅವು ಸುಲಭಕ್ಕೆ ಒಪ್ಪುವುದಿಲ್ಲ. ಪುಸ್ತಕ ಈ ಅಳುಕನ್ನು ಬಿಡಿಸಲಾರದು. ಗೊಂಬೆಯ ಮುಂದೆ ಬೆವರು ಸುರಿಸಿಯೇ ಅದು ಹೋಗಬೇಕು.

ಟಿಕ್.

ಮತ್ತೊಮ್ಮೆ, ಮಗದೊಮ್ಮೆ. ಈಗ ಇನ್ನೊಂದು ತಪ್ಪು ಕಾಣುತ್ತದೆ: ಅವಳು ಎದೆಯನ್ನು ಪೂರ್ತಿ ಏಳಲು ಬಿಡುತ್ತಿಲ್ಲ. ಎದೆ ಮೇಲೇಳುವ ಆ ಗಳಿಗೆಯಲ್ಲೇ ಹೃದಯದೊಳಕ್ಕೆ ರಕ್ತ ತುಂಬುವುದು. ಮೇಡಂ ಅವಳ ಭುಜದ ಮೇಲೆ ಕೈಯಿಟ್ಟು ಲಯ ಕೊಡುತ್ತಾರೆ. ಒತ್ತು, ಬಿಡು. ಒತ್ತು, ಬಿಡು. ಎಣಿಕೆ ಗಟ್ಟಿಯಾಗುತ್ತದೆ, ಹಣೆಯ ಬೆವರು ಗೊಂಬೆಯ ಮೇಲೆ ತೊಟ್ಟಿಕ್ಕುತ್ತದೆ. ಗೊಂಬೆಯ ಆ ಶಾಂತ ಮುಖಕ್ಕೂ ಒಂದು ಕಥೆಯಿದೆ. 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ಇಂಥ ಮೊದಲ ಗೊಂಬೆಯನ್ನು ಮಾಡಿದಾಗ, ಪ್ಯಾರಿಸ್ಸಿನ ಸೀನ್ ನದಿಯಲ್ಲಿ ಮುಳುಗಿ ಸತ್ತಳೆನ್ನುವ ಅನಾಮಿಕ ತರುಣಿಯ ಮುಖದ ಅಚ್ಚನ್ನು ಅದಕ್ಕೆ ಕೊಟ್ಟ.

ಎರಡು ನಿಮಿಷ ಮುಗಿಯುತ್ತಾ ಬಂತು. ಟಿಕ್ ಸದ್ದು ನಡುನಡುವೆ ತಪ್ಪುತ್ತಿದೆ, ಅವಳಿಗೆ ಗೊತ್ತಾಗಿಲ್ಲ. ದಣಿವು ಮೊದಲು ಕದಿಯುವುದು ಆಳವನ್ನೇ. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕೆನ್ನುವುದು ಅದಕ್ಕೇ. ಗೆಳತಿ ಎದುರು ಬದಿಯಲ್ಲಿ ಮಂಡಿಯೂರಿ ಕಾದಿದ್ದಾಳೆ. “ಬಿಡು!” ಕೈ ಬದಲಾಗುತ್ತದೆ, ಲಯ ಮುರಿಯುವುದಿಲ್ಲ.

“ಸರ್ಟಿಫಿಕೇಟ್ ಎರಡು ವರ್ಷ ನಡೀತದಲ್ರಿ, ಮತ್ತ ಮೂರು ತಿಂಗಳಿಗೆ ಯಾಕ ಬರ್ಬೇಕು?” ಹಿಂದಿನ ಸಾಲಿನಿಂದ ಒಂದು ದನಿ.

ಮೇಡಂ ಉತ್ತರಿಸುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ಕೊನೆಯ ವರ್ಷದ ಹುಡುಗನನ್ನು ಕರೆಯುತ್ತಾರೆ. ಹೋದ ವರ್ಷ ಇದೇ ಲ್ಯಾಬಿನಲ್ಲಿ ಪಾಸಾದವನು. ಅವನು ತೋಳು ಮಡಚಿ ಕುಳಿತು ಹತ್ತು ಸಲ ಒತ್ತುತ್ತಾನೆ. ಒಂದೂ ಟಿಕ್ ಇಲ್ಲ. ಹಿಂದಿನ ಸಾಲಿನವರು ಎದ್ದು ಹತ್ತಿರ ಬಂದು ನಿಲ್ಲುತ್ತಾರೆ. ಮೇಡಂ ಬಗ್ಗಿ ಅವನ ಮೊಣಕೈ ನೆಟ್ಟಗೆ ಮಾಡುತ್ತಾರೆ.

“ಮೊದಲಿಂದ ಹಿಡಿ. ಜೋರಾಗಿ ಎಣಸಪಾ.”