ಬೇಸಿಗೆಯ ರಜೆ ಮತ್ತು ಮಾಲೀಕನ ಹೊಣೆ

ಗೃಹಸ್ಥನ ಜೀವನದಲ್ಲಿ ಎರಡು ಕರ್ತವ್ಯಗಳು ಏಕಕಾಲಕ್ಕೆ ಎದುರು ನಿಲ್ಲುವ ಪ್ರಸಂಗಗಳು ಹಲವು. ಬೇಸಿಗೆಯ ರಜೆ ಅವುಗಳಲ್ಲೊಂದು. ಮಕ್ಕಳಿಗೆ ಅದು ಬಿಡುವಿನ ಕಾಲ. ಜವಳಿ ವ್ಯಾಪಾರಿಗೆ ಮದುವೆಗಳ ಕಾಲ. 2025ರಲ್ಲಿ ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ, ಅಂದರೆ 48 ದಿನಗಳ ರಜೆ ಇತ್ತು. ಅಕ್ಷಯ ತೃತೀಯವು ಏಪ್ರಿಲ್ 30ರಂದು ಬಂದಿತ್ತು. ಅಂಗಡಿಯಲ್ಲಿ ಕಾಲಿಡಲು ಸ್ಥಳವಿಲ್ಲದ ದಿನಗಳು ಇವೇ; ಮಕ್ಕಳು ತಂದೆತಾಯಿಗಳ ದಾರಿ ಕಾಯುವ ದಿನಗಳೂ ಇವೇ.

ಹುಬ್ಬಳ್ಳಿಯಲ್ಲಿ ಸೀರೆಯಂಗಡಿ ನಡೆಸುವ ದಂಪತಿಗಳಿಗೆ ಆ ಬೇಸಿಗೆಯಲ್ಲಿ ಒದಗಿದ ಅನುಭವ ಇಲ್ಲಿ ವಿಚಾರಾರ್ಹವಾಗಿದೆ. ಪತಿ ಗಾದಿಯ ಮೇಲೆ ಕುಳಿತು ಗಿರಾಕಿಗಳನ್ನು ನೋಡಿಕೊಂಡರೆ, ಪತ್ನಿ ಲೆಕ್ಕಪತ್ರ ನೋಡುವವರು. ಅವರ ಮಗನಿಗೆ ಹತ್ತು ವರ್ಷ. ಮನೆಯಲ್ಲಿ ಹಿರಿಯರಿಲ್ಲ. ರಜೆಯ ಮೊದಲ ವಾರ ಬಾಲಕನು ಒಬ್ಬನೇ ಮನೆಯಲ್ಲಿದ್ದು, ಊಟವನ್ನೂ ಮರೆತು ಮೊಬೈಲಿನಲ್ಲಿ ಮುಳುಗಿದ್ದನು. ಎರಡನೆಯ ವಾರದಿಂದ ಅವನನ್ನು ಅಂಗಡಿಗೆ ಕರೆತರಲಾಯಿತು. ಬಿಲ್ಲುಗಳನ್ನು ಸಂಖ್ಯೆಯ ಪ್ರಕಾರ ಜೋಡಿಸುವುದು ಅವನ ಕೆಲಸ. ದಿನಕ್ಕೆ 20 ರೂಪಾಯಿ ಕೈಖರ್ಚು. ತಂದೆ ವಿನೋದಕ್ಕೆ ಅದನ್ನು ‘ಪಗಾರ’ ಎಂದು ಕರೆಯುತ್ತಿದ್ದರು.

ಅದೇ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸದಲ್ಲಿದ್ದ ಹೆಣ್ಣುಮಗಳೊಬ್ಬಳು ಒಂದು ದಿನ ಸಂಕೋಚದಿಂದ ಮಾಲೀಕರ ಪತ್ನಿಯನ್ನು ಕೇಳಿಕೊಂಡಳು: “ಅಕ್ಕಾರ, ಮನ್ಯಾಗ ಮಗಳನ್ನ ನೋಡ್ಕೊಳ್ಳಾಕ ಯಾರೂ ಇಲ್ರಿ. ಕೀಲಿ ಹಾಕಿ ಬರಾಕ ಜೀವ ಒಲ್ಲೆ ಅಂತೈತ್ರಿ. ಇಲ್ಲೇ ಒಂದ್ ಮೂಲ್ಯಾಗ ಕುಂತಿರ್ತಾಳ್ರಿ.” ಅನುಮತಿ ಒಡನೆಯೇ ದೊರೆಯಿತು.

ಒಂಬತ್ತು ವರ್ಷದ ಆ ಬಾಲಿಕೆ ಎರಡು ದಿನ ಮೂಲೆಯಲ್ಲಿಯೇ ಕುಳಿತಳು. ಮೂರನೆಯ ದಿನ ಗಿರಾಕಿಯೊಬ್ಬರಿಗೆ ನೀರು ತಂದುಕೊಟ್ಟಳು. ಮರುದಿನ ಬಿಚ್ಚಿಟ್ಟ ಸೀರೆಗಳನ್ನು ಮಡಿಸಲು ಯಾರೋ ಕರೆದರು. ಹುಡುಗಿ ಚುರುಕೆಂದು ಎಲ್ಲರೂ ಮೆಚ್ಚಿಕೊಂಡರು. ಯಾರ ಮನಸ್ಸಿನಲ್ಲಿಯೂ ಕೆಡುಕಿರಲಿಲ್ಲ. ಆದರೆ ಅಕ್ಷಯ ತೃತೀಯದ ಹಿಂದಿನ ರಾತ್ರಿ ಅಂಗಡಿಯ ಬಾಗಿಲು ಹಾಕುವಾಗ ಆ ಮಗು ಬಟ್ಟೆಯ ಗಂಟುಗಳ ನಡುವೆ ನಿದ್ದೆಹೋಗಿತ್ತು.

ಅಂದು ಊಟಕ್ಕೆ ಕುಳಿತಾಗ ಮಗನು ಕೇಳಿದನು: “ಪಪ್ಪಾ, ಆಕಿಗೆ ಪಗಾರ ಎಷ್ಟ ಕೊಡ್ತೀರಿ?”

“ಆಕಿ ಕೆಲಸಕ್ಕ ಬಂದಾಕಿ ಅಲ್ಲಪಾ.”

“ಮತ್ತ ದಿನಾ ಕೆಲಸ ಮಾಡ್ತಾಳಲ್ಲ?”

ತಂದೆಯ ಬಳಿ ಉತ್ತರವಿರಲಿಲ್ಲ. ಆಕೆಗೂ 20 ರೂಪಾಯಿ ಕೊಟ್ಟರೆ ಸರಿಹೋದೀತೆಂದು ಮೊದಲು ಅವರಿಗೆ ತೋರಿತು. ಆದರೆ ಅದು ಪರಿಹಾರವಾಗುತ್ತಿರಲಿಲ್ಲ. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಕುಟುಂಬದ ಅಪಾಯಕರವಲ್ಲದ ಉದ್ಯೋಗದಲ್ಲಿ, ಓದಿಗೆ ಭಂಗ ಬಾರದಂತೆ, ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ ಮಗು ನೆರವಾಗಲು ಅವಕಾಶವಿದೆ. ಮಗನು ಬಿಲ್ಲು ಜೋಡಿಸುವುದಕ್ಕೂ ಆ ಬಾಲಿಕೆ ಸೀರೆ ಮಡಿಸುವುದಕ್ಕೂ ಇರುವ ಅಂತರ ಇದು. ಬೇಸರವಾದರೆ ಮಗನು ಎದ್ದುಹೋಗಬಲ್ಲನು. ತಾಯಿಯ ಕೆಲಸಕ್ಕೆ ಎಲ್ಲಿ ಕುತ್ತು ಬಂದೀತೋ ಎಂಬ ಭಯವುಳ್ಳ ಮಗು ಹಾಗೆ ಏಳಲಾರದು.

ಹಾಗೆಂದು ನಾಳೆಯಿಂದ ಮಗುವನ್ನು ತರಬೇಡವೆಂದರೆ ತಾಯಿ ಮತ್ತೆ ಮನೆಗೆ ಕೀಲಿ ಹಾಕಬೇಕು. ಐವತ್ತು ಅಥವಾ ಅದಕ್ಕೂ ಹೆಚ್ಚು ನೌಕರರುಳ್ಳ ಸಂಸ್ಥೆಗಳು ಶಿಶುಪಾಲನಾ ಕೇಂದ್ರ ಒದಗಿಸಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ವಿಧಿಸಿತು. ಏಳೆಂಟು ಜನರ ಅಂಗಡಿಗೆ ಅಂಥ ನಿರ್ಬಂಧವಿಲ್ಲ. ಕಾನೂನು ಸುಮ್ಮನಿರುವ ಇಂಥ ಸ್ಥಳದಲ್ಲಿಯೇ ಮಾಲೀಕನ ವಿವೇಕಕ್ಕೆ ಕೆಲಸವಿರುತ್ತದೆ.

ಅಂಗಡಿಯನ್ನು ರಾತ್ರಿ ಒಂದು ಗಂಟೆ ಮುಂಚಿತವಾಗಿ ಮುಚ್ಚಿ, ಮಕ್ಕಳುಳ್ಳ ಹೆಂಗಸರಿಗೆ ಪಗಾರ ಕಡಿಯದೆ ಅರ್ಧ ದಿನದ ಸರದಿ ಕೊಡೋಣವೆಂದು ಪತ್ನಿ ಸೂಚಿಸಿದರು. ಪತಿಗೆ ಅದು ಒಪ್ಪಿಗೆಯಾಗಲಿಲ್ಲ. “ಮದುವಿ ಸೀಜನ್‌ನ್ಯಾಗ ಹಿಂಗ ಮಾಡಿದ್ರ ವ್ಯಾಪಾರ ಹೆಂಗ?” ಎಂದರು. ಆಕೆ ಹೇಳಿದರು: “ನಮ್ಮ ಮಗನ್ನ ಮನಿಗೆ ಕರ್ಕೊಂಡ ಹೋಗಬೇಕಂದ್ರ ನಾವು ಯಾರ್ನೂ ಕೇಳಬೇಕಾಗಿಲ್ಲ. ಆಕಿ ನಮ್ಮನ್ನ ಕೇಳಬೇಕು.”

ಮರುವಾರದಿಂದ ಹಾಗೆಯೇ ನಡೆಯಿತು. ಇನ್ನೊಬ್ಬ ಕೆಲಸಗಾರ್ತಿಗೂ ಚಿಕ್ಕ ಮಕ್ಕಳಿದ್ದುದರಿಂದ, ಒಬ್ಬಳು ಅಂಗಡಿಯಲ್ಲಿದ್ದಾಗ ಮತ್ತೊಬ್ಬಳು ಇಬ್ಬರ ಮಕ್ಕಳನ್ನೂ ನೋಡಿಕೊಂಡಳು. ಸಂಜೆ ದಂಪತಿಗಳಲ್ಲಿ ಒಬ್ಬರು ಮಗನೊಡನೆ ಮನೆಗೆ ತೆರಳಿದರು. ನಷ್ಟವಾಗಲಿಲ್ಲವೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಕೆಲವು ಗಿರಾಕಿಗಳು ಮುಚ್ಚಿದ ಬಾಗಿಲು ನೋಡಿ ಬೇರೆ ಅಂಗಡಿಗೆ ಹೋದರು. ಮೇ ತಿಂಗಳ ವಿಕ್ರಯ ಹಿಂದಿನ ವರ್ಷಕ್ಕಿಂತ ಕಡಿಮೆಯಾಯಿತು. ಪತಿ ಆ ಅಂಕಿಯನ್ನು ಎರಡು ಸಲ ನೋಡಿದರು. ಆದರೆ ಸರದಿಯನ್ನು ರದ್ದುಮಾಡಲಿಲ್ಲ.

ತನ್ನ ಮಕ್ಕಳಿಗಾಗಿ ಬಿಡುವು ಹುಡುಕುವ ವ್ಯಾಪಾರಿ ಮರೆಯಬಾರದ ಸಂಗತಿಯೊಂದಿದೆ. ಅವನ ಬಿಡುವು ಅವನ ಕೈಯಲ್ಲಿದೆ. ಅವನ ನೌಕರರ ಬಿಡುವೂ ಅವನ ಕೈಯಲ್ಲಿಯೇ ಇದೆ. ಪ್ರತಿ ಮಾರ್ಚ್ 31ರಂದು ದಾಸ್ತಾನಿನ ಎಣಿಕೆ ತಪ್ಪದೆ ನಡೆಯುತ್ತದೆ. ಅದೇ ವೇಳೆಗೆ ಕೆಲಸಗಾರರಲ್ಲಿ ಯಾರ ಮನೆಯಲ್ಲಿ ಎಷ್ಟು ಮಕ್ಕಳು ರಜೆಯಲ್ಲಿರುವರು, ಅವರನ್ನು ನೋಡಿಕೊಳ್ಳುವವರು ಯಾರೆಂದು ಕೇಳಿ ಬರೆದಿಟ್ಟುಕೊಳ್ಳಲು ಅರ್ಧ ಗಂಟೆ ಸಾಕು. ಹಾಗೆ ಮಾಡಿದರೆ ಏಪ್ರಿಲ್ ಬಂದಾಗ ಯಾವ ತಾಯಿಯೂ ಸಂಕೋಚದಿಂದ ಬಂದು ಕೇಳಬೇಕಾಗುವುದಿಲ್ಲ.