ಮನಸೂರರ ಮುದ್ರಿಕೆಗಳೂ ನಮ್ಮ ಮಾಸ್ತರರ ದನಿಯೂ

ಸಂಸ್ಮರಣ ಸಂಪುಟಕ್ಕೆ ಲೇಖನ ಬರೆಯಬೇಕೆಂಬ ಸಂಪಾದಕರ ಪತ್ರ ಕೈಸೇರಿದಾಗ ನಾನು ಪಂಡಿತ ಮಲ್ಲಿಕಾರ್ಜುನ ಮನಸೂರರ ಗಾಯನವನ್ನೇ ಕೇಳುತ್ತ ಕುಳಿತಿದ್ದೆ. ಅವರ ಧ್ವನಿಮುದ್ರಿಕೆಗಳನ್ನು ಹುಡುಕಿ ತರುವುದು, ಒಂದರೊಡನೊಂದನ್ನು ಹೋಲಿಸಿ ಕೇಳುವುದು ನಾಲ್ಕು ದಶಕಗಳಿಂದ ನನಗೊಂದು ವ್ರತವಾಗಿದೆ. ಆ ವ್ರತದಲ್ಲಿಯೇ ನನ್ನಿಂದ ಒಂದು ಅಪಚಾರವೂ ನಡೆಯಿತು. ಅದನ್ನು ಮಾತೃಸಂಸ್ಥೆಯ ಮುಂದೆ ಅರಿಕೆ ಮಾಡಿಕೊಳ್ಳುವುದೇ ಈ ಬರಹದ ಉದ್ದೇಶ.

ಮಠದ ಪ್ರಸಾದನಿಲಯದ ಸಂಜೆಯ ಪ್ರಾರ್ಥನೆಯಲ್ಲಿ ನಮಗೆ ವಚನ ಹಾಡಿಸುತ್ತಿದ್ದವರು ಸಂಗೀತದ ಮಾಸ್ತರರು. ಅವರ ಹಳೆಯ ಹಾರ್ಮೋನಿಯಮ್ಮಿನ ಒಂದು ಮನೆ ನುಡಿಯುತ್ತಿರಲಿಲ್ಲ. ತಾಳ ತಪ್ಪೀತೆಂಬ ಭಯದಿಂದ ನಾವು ಸಮದ ಕಡೆಗೆ ಧಾವಿಸುತ್ತಿದ್ದೆವು. ಸಮಕ್ಕೆ ಓಡಬಾರದು, ಅದು ತಾನಾಗಿ ಬಂದು ಕೂಡಬೇಕು ಎಂದು ಅವರು ಮತ್ತೆ ಮತ್ತೆ ತಿದ್ದುತ್ತಿದ್ದರು. ನಮ್ಮ ಲಕ್ಷ್ಯವೆಲ್ಲ ಪ್ರಸಾದದ ಗಂಟೆಯ ಮೇಲಿರುತ್ತಿತ್ತು.

1981ರಲ್ಲಿ ನಾನು ಶಿಕ್ಷಕನಾಗಿ ಸುಳ್ಯ ತಾಲೂಕಿನ ಜಾಲ್ಸೂರಿಗೆ ಬಂದೆ. ಮಾಣಿ–ಮೈಸೂರು ಹೆದ್ದಾರಿಯಿಂದ ಕಾಸರಗೋಡಿನ ದಾರಿ ಕವಲೊಡೆಯುವ ಊರಿದು. ಸುತ್ತಲೂ ಅಡಕೆಯ ತೋಟ, ತಿಂಗಳುಗಟ್ಟಲೆ ಮಳೆ. ಚೆಂಡೆ ಮದ್ದಳೆಗಳ ನಾಡಿನಲ್ಲಿ ಖಯಾಲು ಕೇಳುವ ಜೊತೆಗಾರರು ವಿರಳ. ರಜೆಯಲ್ಲಿ ಧಾರವಾಡದಿಂದ ತಂದ ಮನಸೂರರ ಕ್ಯಾಸೆಟ್ಟುಗಳೇ ನನಗೆ ಸಂಗಾತಿಯಾದವು.

1910ರಲ್ಲಿ ಧಾರವಾಡದ ಬಳಿಯ ಮನಸೂರಿನಲ್ಲಿ ಜನಿಸಿದ ಅವರು ಮೊದಲು ಮಿರಜಿನ ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಅಭ್ಯಾಸ ಮಾಡಿದರು. ಅನಂತರ ಜೈಪುರ ಘರಾಣೆಯ ಅಲ್ಲಾದಿಯಾಖಾನರ ಮಗ ಮಂಜೀಖಾನರ ಶಿಷ್ಯರಾದರು. 1937ರಲ್ಲಿ ಮಂಜೀಖಾನರು ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜೀಖಾನರಲ್ಲಿ ಶಿಕ್ಷಣ ಮುಂದುವರಿಯಿತು. ಈ ಜೀವನಯಾತ್ರೆಯನ್ನು ಮುದ್ರಿಕೆಗಳಲ್ಲಿಯೇ ಕೇಳಬಹುದು. 1930ರ ದಶಕದ ಎಚ್.ಎಂ.ವಿ. ತಟ್ಟೆಗಳಲ್ಲಿ ಒಂದು ಮಗ್ಗುಲಿಗೆ ಮೂರು ನಿಮಿಷಗಳಷ್ಟೇ ಅವಕಾಶ. ಅಲ್ಲಿ ತರುಣ ಕಂಠದ ತಾನಗಳು ಮಿಂಚಿನಂತೆ ಹೊಳೆದು ಮರೆಯಾಗುತ್ತವೆ. ಮುಂದೆ ಬಂದ ದೀರ್ಘ ಮುದ್ರಿಕೆಗಳಲ್ಲಿ ಶಿವಮತ ಭೈರವ, ಸಂಪೂರ್ಣ ಮಾಲಕಂಸ, ಏಕನಿಷಾದ ಬಿಹಾಗಡಾಗಳಂತಹ ಅಪರೂಪದ ರಾಗಗಳು ಲಯದೊಡನೆ ಹೆಣೆದುಕೊಂಡು, ಒಂದು ಆವರ್ತನ ಮತ್ತೊಂದಕ್ಕೆ ಎಡೆಬಿಡದೆ ಹರಿಯುತ್ತವೆ. ಬೆರಳು ಮಡಿಸಿ ತಾಳ ಎಣಿಸುತ್ತ ಕುಳಿತ ನನಗೆ ಸಮ ಬಂದುದೇ ತಿಳಿಯುತ್ತಿರಲಿಲ್ಲ. ತಿಳಿಯುವಷ್ಟರಲ್ಲಿ ಅದು ಸ್ವರದೊಳಗೆ ಕರಗಿರುತ್ತಿತ್ತು. ಮಾಸ್ತರರು ಹೇಳುತ್ತಿದ್ದುದು ಇದನ್ನೇ ಎಂಬ ಅರಿವು ಅಂದು ಮೂಡಿತು.

ಕೂಡಲೇ, 1983ರ ಬೇಸಗೆಯ ರಜೆಯಲ್ಲಿ, ನಿವೃತ್ತರಾಗಿದ್ದ ಅವರನ್ನು ಕಂಡು ಕ್ಯಾಸೆಟ್ಟಿನ ಎರಡೂ ಮಗ್ಗುಲು ತುಂಬುವಂತೆ ವಚನಗಳನ್ನು ಹಾಡಿಸಿಕೊಂಡು ಬಂದೆ.

ಮರುವರ್ಷ ಮಳೆಗಾಲದ ಒಂದು ಶನಿವಾರ ರಾತ್ರಿ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದಲ್ಲಿ ಮನಸೂರರ ಗಾಯನವಿತ್ತು. ಮನೆಯಲ್ಲಿ ಖಾಲಿ ಕ್ಯಾಸೆಟ್ಟಿರಲಿಲ್ಲ. ಮಾಸ್ತರರು ಹೇಗೂ ಇದ್ದಾರೆ, ಇನ್ನೊಮ್ಮೆ ಹಾಡಿಸಿಕೊಂಡರಾಯಿತು ಎಂದುಕೊಂಡು ಅವರ ದನಿಯ ಮೇಲೆಯೇ ಗುಂಡಿ ಒತ್ತಿದೆ. ಎರಡನೆಯ ಮಗ್ಗುಲು ಮುಗಿಯಲು ಸ್ವಲ್ಪವಿರುವಾಗ ಗಾಳಿಮಳೆಗೆ ವಿದ್ಯುತ್ತು ಹೋಯಿತು. ಗಾಯನ ಅರ್ಧಕ್ಕೆ ನಿಂತಿತೆಂದು ಕತ್ತಲೆಯಲ್ಲಿ ಕುಳಿತು ಶಪಿಸಿದೆ.

ಆ ವರ್ಷದ ದೀಪಾವಳಿಗೆ ಮೊದಲೇ ಮಾಸ್ತರರು ಲಿಂಗೈಕ್ಯರಾದ ವಾರ್ತೆ ಬಂದಿತು.

ಅಂದು ನಾನು ಶಪಿಸಿದ ಕತ್ತಲೆಯೇ ನಾಲ್ಕು ನಿಮಿಷಗಳ ಅವರ ದನಿಯನ್ನು ಉಳಿಸಿಕೊಟ್ಟಿತ್ತು. ಮನಸೂರರ ಆಲಾಪ ತಟ್ಟನೆ ಕಡಿದು, ಮಾಸ್ತರರು ಅಕ್ಕನ ವಚನದ ನಡುವಿನಿಂದ ಕೇಳಿಬರುತ್ತಾರೆ. ಹಾರ್ಮೋನಿಯಮ್ಮಿನ ನುಡಿಯದ ಮನೆಯ ಸ್ವರವನ್ನು ಕಂಠದಿಂದಲೇ ತುಂಬುತ್ತಾರೆ. ಸಮಕ್ಕೆ ಓಡುವುದಿಲ್ಲ.

1992ರ ಸೆಪ್ಟೆಂಬರ್ 12ರಂದು ಮನಸೂರರು ಅಗಲಿದರು. ಅವರ ಗಾಯನವನ್ನು ಕಾಪಾಡಲು ಸಾವಿರಾರು ಜನರಿದ್ದಾರೆ. ಅಂದು ನಾನು ಕಳೆದುಕೊಂಡೆನೆಂದು ಕೊರಗಿದಂತಹ ಎಷ್ಟೋ ಕಛೇರಿಗಳು ಇಂದು ಕೈಯಲ್ಲಿರುವ ಫೋನಿನಲ್ಲಿಯೇ ದೊರೆಯುತ್ತವೆ. ಆದರೆ ಅವರನ್ನು ಕೇಳುವ ಕಿವಿಯನ್ನು ಕೊಟ್ಟವರ ದನಿ ಬೇರೆಲ್ಲಿಯೂ ದೊರೆಯದು. ಅದನ್ನು ಕಾಪಾಡಬೇಕಾದವರು ನಾವು ಮಾತ್ರ.

ಆದ್ದರಿಂದ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳಲ್ಲಿಯೂ ಉದಾರ ದಾನಿಗಳಲ್ಲಿಯೂ ನನ್ನದೊಂದು ವಿನಂತಿ. ನಮ್ಮ ನಿವೃತ್ತ ಶಿಕ್ಷಕರ ಪಾಠ, ಹಾಡು, ನೆನಪುಗಳನ್ನು ಅವರು ನಮ್ಮೊಡನೆ ಇರುವಾಗಲೇ ಧ್ವನಿಮುದ್ರಿಸಿ ಗ್ರಂಥಾಲಯದಲ್ಲಿ ಇಡೋಣ. ಅದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ನಾಳೆ ಮಾಡೋಣವೆಂಬ ಉದಾಸೀನವನ್ನು ಬಿಟ್ಟರೆ ಸಾಕು. ಆ ಸಂಗ್ರಹದ ಮೊದಲ ಕಾಣಿಕೆಯಾಗಿ ಈ ನಾಲ್ಕು ನಿಮಿಷಗಳ ಪ್ರತಿಯನ್ನು ಪೂಜ್ಯರ ಸನ್ನಿಧಿಗೆ ಕಳುಹಿಸುತ್ತಿದ್ದೇನೆ.